ಅತ್ತೆಯ ಹಲ್ಲು, ಮಾವನ ವಿಚಾರಣೆ

ನಮ್ಮ ಮಾವನಿಗೆ ಹಲ್ಲುನೋವಿಲ್ಲ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಹಲ್ಲಿನ ಡಾಕ್ಟರುಗಳು ಅವರನ್ನು ಕಂಡರೆ ಒಳಕೋಣೆಗೆ ಹೋಗಿಬಿಡುತ್ತಾರೆ! ಬೇಕಾದರೆ ಕೇಳಿ ನೋಡಿ.

ಮಾವ ಎಂದರೆ ನನ್ನ ಅಮ್ಮನ ಅಣ್ಣ, ಈ ಮೂರು ಊರುಗಳ ನಡುವೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರು. ಹಲ್ಲು ಅಲ್ಲಾಡುತ್ತಿದ್ದುದು ಅವರ ಹೆಂಡತಿ, ನಮ್ಮ ಅತ್ತೆಯದು. ಕೆಳಗಿನ ನಾಲ್ಕು. ಉಜ್ಜಿದರೆ ವಸಡಿನಲ್ಲಿ ರಕ್ತ. ಹೀಗೇ ಬಿಟ್ಟರೆ ನಾಲ್ಕೂ ಉದುರುವುದು ಖಂಡಿತ. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರಿಗೆ ತೋರಿಸುತ್ತಿದ್ದರು. ಮಾವ ಬಸ್ಸನ್ನೇ ವಿಚಾರಿಸಿದರು.

"ವಸಡಲ್ಲಿ ರಕ್ತ ಬಂದ್ರೆ ಎಂತ ಮಾಡ್ತೀರಿ?" ಎಂದು ಟಿಕೆಟ್ ಕೊಡುತ್ತ ಕೊಡುತ್ತಲೇ ಕೇಳುವುದು. ಹುಲಿಕಲ್ಲಿನ ಅಜ್ಜಿಯೊಬ್ಬರು ಪೇರಲೆ ಎಲೆಯ ಕಷಾಯ ಎಂದರು. ಸಿಗಂದೂರಿಗೆ ಹೊರಟವರೊಬ್ಬರು ಉಪ್ಪು, ಇದ್ದಿಲು ಎಂದರು. ಹಿಂದಿನ ಸೀಟಿನಿಂದ ಲವಂಗದೆಣ್ಣೆ ಬಂತು. ಸಂಜೆ ಎಲ್ಲವೂ ಅತ್ತೆಯ ಬಾಯಿಗೆ! ಒಮ್ಮೆ ನಾನು ಹೋದಾಗ ಅತ್ತೆ ಕಪ್ಪು ಬಾಯಿಯಲ್ಲೇ ಬಾಗಿಲು ತೆಗೆದರು.

"ಹೆದರ್ಬೇಡ ಮಾರಾಯ, ಈ ವಾರ ಇದ್ದಿಲು," ಎಂದರು.

"ಡಾಕ್ಟರಿಗೆ ತೋರಿಸಿ ಮಾವ," ಎಂದು ನಾನೇ ರೇಗಿದೆ. ಅದೇ ತಪ್ಪಾಯಿತು. ಮಾವ ರಜೆ ಹಾಕಿ, ಅತ್ತೆಯನ್ನು ತಮ್ಮದೇ ಬಸ್ಸಿಗೆ ಹತ್ತಿಸಿ, ಒಂದೇ ದಿನದಲ್ಲಿ ಮೂರೂ ಊರಿನ ಡಾಕ್ಟರುಗಳಿಗೆ ತೋರಿಸಿಕೊಂಡು ಬಂದರು.

"ಒಬ್ಬೊಬ್ರು ಒಂದೊಂದು ಹೇಳ್ತಾರೆ ಮಾರಾಯ. ಸಾಗರದವ್ರು ಮೊದ್ಲು ಹಲ್ಲು ಕ್ಲೀನ್ ಮಾಡಿಸ್ಬೇಕು ಅಂದ್ರು. ಹೊಸನಗರದವ್ರು ಮೊದ್ಲು ಎಲೆಯಡಿಕೆ ಕವಳ ಹಾಕೋದು ಬಿಡ್ಬೇಕು ಅಂದ್ರು. ತೀರ್ಥಹಳ್ಳಿಯವ್ರು ಮೊದ್ಲು ಮೆತ್ತನೆ ಬ್ರಷ್ ತಗೊಳ್ಳಿ ಅಂದ್ರು. ಮೊದ್ಲು ಅಂದ್ರೆ ಒಂದೇ ಅಲ್ದಾ?"

"ಮೂರನ್ನೂ ಮಾಡಿ ಮಾವ."

"ಮೂರನ್ನೂ ಮೊದ್ಲು ಹೆಂಗೆ ಮಾಡೂದು?"

ಅರ್ಧ ಗಂಟೆ ಅವರ ಎದುರು ಕೂತ ಮೇಲೆ, ಹೌದಲ್ಲ, ಯಾವುದು ಮೊದಲು ಎಂದು ನನ್ನ ತಲೆಯೂ ಕೆಟ್ಟಿತು. ಇದರ ಮೇಲೆ ಬಸ್ಸಿನಲ್ಲಿ ಯಾರೋ, ಹಲ್ಲಿನ ಬುಡಕ್ಕೆ ಕಟ್ಟಿದ ಕೊಳೆಯ ಕಲ್ಲು ಗಾರೆಯಿದ್ದ ಹಾಗೆ, ಕ್ಲೀನ್ ಮಾಡಿಸಿ ತೆಗೆಸಿದರೆ ಹಲ್ಲು ಬಿದ್ದೇ ಹೋಗುತ್ತದೆ ಎಂದಿದ್ದರಂತೆ. ಮಾವ ವಾರಕ್ಕೆರಡು ಸಲ ಮೂವರು ಡಾಕ್ಟರುಗಳನ್ನೂ ಹೊಸದಾಗಿ ವಿಚಾರಿಸತೊಡಗಿದರು. ಹೀಗೆ ತಿಂಗಳು ಕಳೆಯಿತು. ಅತ್ತೆಗೆ ರೊಟ್ಟಿ ಕಚ್ಚಲೂ ಆಗದಂತಾಯಿತು.

ಕೊನೆಗೆ ನಾನೇ ಇಬ್ಬರನ್ನೂ ಸಾಗರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಸಮಾಧಾನದಿಂದಲೇ ಹೇಳಿದರು: "ಆ ಕಲ್ಲು ಹಲ್ಲನ್ನ ಹಿಡ್ಕೊಂಡಿಲ್ಲ, ವಸಡನ್ನ ಹಾಳು ಮಾಡ್ತಿದೆ. ಕ್ಲೀನ್ ಮಾಡ್ತೀನಿ. ಕವಳ ಬಿಟ್ಟು ದಿನಾ ಎರಡು ಹೊತ್ತು ಮೆತ್ತಗೆ ಉಜ್ಜಿದ್ರೆ ಉಳಿಸ್ಕೋಬಹುದು."

ಒಳಗೆ ಮಷೀನು ಗುಂಯ್ ಎಂದಿತು. ಹೊರಗೆ ಬೆಂಚಿನ ಮೇಲೆ ಮಾವನ ಮುಖ ಬಿಳಿಚಿಕೊಂಡಿತ್ತು. ನನಗೆ ಸಿಟ್ಟು ಇಳಿದಿರಲಿಲ್ಲ. "ಒಂದು ಮಾತು ನಂಬೋಕೆ ಊರೆಲ್ಲ ಕೇಳ್ಬೇಕಾ ಮಾವ?" ಎಂದೆ.

ಅವರು ನೆಲ ನೋಡುತ್ತ ಹೇಳಿದರು: "ಅವಳ ಮೇಲಿನ ಎರಡು ಹಲ್ಲು ಇಲ್ವಲ್ಲ, ಅದು ನಾನು ಕೀಳ್ಸಿದ್ದು. ಮದುವೆ ಆದ ಹೊಸ್ತು. ಒಬ್ರು ಕೀಳ್ಸು ಅಂದ್ರು, ಕೀಳ್ಸಿಬಿಟ್ಟೆ. ಉಳಿಸ್ಬಹುದಿತ್ತು ಅಂತ ಆಮೇಲೆ ಗೊತ್ತಾಯ್ತು. ಅವತ್ತಿಂದ ಅವಳು ಸೆರಗು ಅಡ್ಡ ಹಿಡ್ದೇ ನಗೂದು. ಅವತ್ತು ಇನ್ನೊಬ್ರನ್ನ ಕೇಳಿದ್ರೆ ಆಗಿತ್ತು."

ಇಷ್ಟು ವರ್ಷ ಅದನ್ನು ಅತ್ತೆಯ ನಾಚಿಕೆ ಎಂದೇ ತಿಳಿದಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಮಷೀನು ಯಾವಾಗಲೋ ನಿಂತಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು, ನಾಲ್ಕೂ ಹಲ್ಲು ಜಾಗದಲ್ಲೇ ಇದ್ದವು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ.

"ಅಲ್ರೀ, ನೋವು ತಡೀಲಿಕ್ಕಾಗ್ದೆ ಕೀಳ್ಸಿ ಅಂತ ಅತ್ತವಳು ನಾನೇ ಅಲ್ವಾ? ನಿಮಗೆ ಮರ್ತೇಹೋಗಿದೆ," ಎಂದರು.

ಅದು ನಿಜವೋ, ಮಾವನಿಗಾಗಿ ಆಗಷ್ಟೇ ಹೇಳಿದ್ದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಾವ ಮಾತ್ರ ಬಸ್‌ಸ್ಟ್ಯಾಂಡಿನವರೆಗೂ ಅತ್ತೆಯ ಕೈ ಬಿಡಲಿಲ್ಲ.