ಬೀರುವಿನಲ್ಲಿಟ್ಟ ಗವಿಯಾಟ

ಶೇಷಗಿರಿಯ ಹಣೆಯಲ್ಲಿ ಕೀರ್ತಿ ಬರೆದಿರಲಿಲ್ಲ. ಇಲ್ಲದಿದ್ದರೆ ಮೂರು ವರ್ಷ ತಲೆ ಕೆಡಿಸಿಕೊಂಡು ಕಟ್ಟಿದ ‘ಗವಿಯಾಟ’ದ ಗತಿ ಹೀಗಾಗುತ್ತಿತ್ತೇ? ಒಬ್ಬರು ಕಥೆ ಹೇಳಬೇಕು. ಉಳಿದವರು ದಳವಾಯಿ, ವೈದ್ಯ, ಕಳ್ಳ ಎಂದು ಪಾತ್ರ ಹಂಚಿಕೊಂಡು ಗವಿ ಹೊಕ್ಕು, ಕವಡೆ ಬಿದ್ದಂತೆ ಬದುಕಬೇಕು ಇಲ್ಲವೇ ಸಾಯಬೇಕು. ನಿಯಮಗಳೇ ನಲವತ್ತು ಪುಟ. ಯಾರಾದರೂ ಕದ್ದಾರೆಂದು ಅದನ್ನು ಬೀರುವಿನಲ್ಲಿ, ಹೆಂಡತಿಯ ಧಾರೆ ಸೀರೆಯ ಕೆಳಗಿಟ್ಟು ಬೀಗ ಹಾಕಿದ್ದ. (ಈವರೆಗೆ ಯಾರೂ ಆಡಿರಲಿಲ್ಲ, ಆ ಮಾತು ಬೇರೆ.)

ಎಂಬತ್ಮೂರರ ಒಂದು ಶನಿವಾರ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಯಶವಂತಪುರದ ವಕೀಲ ರಹಮತುಲ್ಲಾ ಅವರಲ್ಲಿಗೆ ಹೋದ. ಅಚ್ಚಿಗೆ ಕೊಡುವ ಮೊದಲು ಆಟ ತನ್ನದೆಂದು ಕಾನೂನಿನ ಮುದ್ರೆ ಬೀಳಬೇಕಿತ್ತು.

“ನೀವು ಬರೆದಿರೋ ಮಾತು ನಿಮ್ದೇ ಸಾರ್, ಅದನ್ನ ಯಾರೂ ಕಾಪಿ ಹೊಡೆಯೋ ಹಾಗಿಲ್ಲ,” ಎಂದರು ವಕೀಲರು. “ಆದ್ರೆ ಆಡೋ ರೀತಿ ಯಾರ ಸ್ವತ್ತೂ ಅಲ್ಲ. ಬೇರೆಯವ್ರು ತಮ್ಮ ಮಾತಲ್ಲಿ ಬರ್ಕೊಂಡ್ರೆ ನೀವೂ ನಾನೂ ಬಾಯಿ ಮುಚ್ಕೊಂಡಿರ್ಬೇಕು.”

ಬಸ್ಸಿನಲ್ಲಿ ಶೇಷಗಿರಿಗೆ ಅಳುವೇ ಬಂತು. ಒಂದೇ ಸಮಾಧಾನ, ನಿಯಮ ಗೊತ್ತಿದ್ದವನು ಜಗತ್ತಿನಲ್ಲಿ ತಾನೊಬ್ಬನೇ.

ಆರ್.ಟಿ. ನಗರದ ಮನೆಗೆ ಬಂದರೆ ನಡುಮನೆಯಿಂದ ಕವಡೆಯ ಸದ್ದು.

“ಗವಿ ಬಾಗಿಲು ತೆಗೀತು ಕಣೇ ಗೋದಾ, ಒಳಗಡೆ ಏನಿದೆ ನೋಡು!” ಹೆಂಡತಿ ಪಂಕಜಾ ಕಥೆ ಹೇಳುತ್ತಿದ್ದಳು. ಪಕ್ಕದ ಮನೆಯ ಗೋದಾ, ಎದುರು ಮನೆಯ ದ್ರೌಪದಮ್ಮ ಉಸಿರು ಬಿಗಿಹಿಡಿದು ಕೂತಿದ್ದರು.

“ಪಂಕಜಾ! ಇದು ನಿಂಗೆ ಹೇಗ್ ಗೊತ್ತಾಯ್ತು?”

“ಮೂರು ವರ್ಷ ನನ್ನ ಮುಂದೆ ಓದಿದ್ದು ಯಾರು? ಚಪಾತಿ ಲಟ್ಟಿಸ್ತಾ ಲಟ್ಟಿಸ್ತಾ ಆಟವೆಲ್ಲ ತಲೇಲಿ ಕೂತ್ಬಿಡ್ತು. ಹಾಡಿನ ಪುಸ್ತಕದ ಕೊನೇಲಿ ಬರ್ದಿಟ್ಟೆ.”

ಆರತಿ ಹಾಡು, ಹಸೆ ಹಾಡುಗಳ ಆ ಪುಸ್ತಕವನ್ನು ಕೇಳಿದವರಿಗೆ ಕೊಡುವುದು, ಅವರು ಬರೆದುಕೊಂಡು ಇನ್ನೊಬ್ಬರಿಗೆ ಕೊಡುವುದು ಹೆಂಗಸರಲ್ಲಿ ನಡೆದುಬಂದ ಪದ್ಧತಿ.

“ನಾನೂ ಬರ್ಕೊಂಡೆ. ವಿದ್ಯಾರಣ್ಯಪುರದಲ್ಲಿ ನಮ್ಮಕ್ಕನೂ ಬರ್ಕೊಂಡ್ಲು,” ಎಂದಳು ಗೋದಾ. “ಅವಳು ಕಳ್ಳನ್ನ ತೆಗೆದು ಅತ್ತೇನ ಹಾಕಿದಾಳೆ. ಇನ್ನೂ ಚೆನ್ನಾಗಿದೆ.”

ಶೇಷಗಿರಿ ಪುಸ್ತಕ ಕಸಿದುಕೊಂಡ. ತನ್ನದೊಂದು ವಾಕ್ಯ ಸಿಕ್ಕಿದರೂ ಹೆಂಡತಿಯೆಂದು ನೋಡದೆ ಕೋರ್ಟಿಗೆಳೆಯುವ ವೀರಾವೇಶ! ಇದ್ದದ್ದು ಒಂದೂವರೆ ಪುಟ. ಎಲ್ಲ ಪಂಕಜಾಳದೇ ಮಾತು, ಒಂದು ವಾಕ್ಯವೂ ಅವನದಲ್ಲ. ಅವನ ಹೆಸರಂತೂ ಇಲ್ಲವೇ ಇಲ್ಲ. ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗಿತ್ತು.

“ಇದು ನನ್ನಾಟ! ನಿಲ್ಸಿ!”

“ಒಂಬತ್ತನೇ ನಿಯಮ ಓದೇ ಪಂಕಜಾ,” ಎಂದರು ದ್ರೌಪದಮ್ಮ.

ಪಂಕಜಾ ಅವನ ಕೈಯಿಂದ ಪುಸ್ತಕ ವಾಪಸು ಕಿತ್ತುಕೊಂಡು ಓದಿದಳು: “ಆಟದ ಮಧ್ಯೆ ಜಗಳ ತೆಗೆದವರು ಎಲ್ಲರಿಗೂ ಕಾಫಿ ಮಾಡಿಕೊಡತಕ್ಕದ್ದು.”

“ಇದು ನನ್ನ ಪುಸ್ತಕದಲ್ಲಿಲ್ಲ!”

“ಇಲ್ಲ, ಇದು ನಂದು. ಬೇಕಾದ್ರೆ ನೀವೂ ಬರ್ಕೊಳ್ಳಿ. ಆದ್ರೆ ಬರ್ಕೊಂಡೋರು ಇನ್ನೊಬ್ರಿಗೆ ಕೊಡ್ಬೇಕು, ಬೀರುಲಿಡೋ ಹಾಗಿಲ್ಲ.”

ಶೇಷಗಿರಿ ಅಡಿಗೆಮನೆಗೆ ಹೋಗಿ ಹಾಲನ್ನು ಒಲೆಯ ಮೇಲಿಟ್ಟ. ಏನೇ ಹೇಳಿ, ನಿಯಮ ಚೆನ್ನಾಗಿತ್ತು. ತನ್ನ ನಲವತ್ತು ಪುಟದಲ್ಲಿ ಅಂಥದ್ದೊಂದೂ ಇರಲಿಲ್ಲ. ಮೆಲ್ಲಗೆ ತನ್ನ ಪುಸ್ತಕ ಬಿಚ್ಚಿ, ಪೆನ್ನು ತೆಗೆದು, ನಲವತ್ತೊಂದನೇ ಪುಟದಲ್ಲಿ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಇಷ್ಟೂ ಜನರಲ್ಲಿ ಬೇರೆಯವರ ಮಾತನ್ನು ಇದ್ದಹಾಗೇ ಕಾಪಿ ಹೊಡೆದವನು ತಾನೊಬ್ಬನೇ ಎಂದು ಹೊಳೆಯುವಷ್ಟರಲ್ಲಿ ಹಾಲು ಉಕ್ಕಿತ್ತು.