ಟೀಚರಮ್ಮನ ಮಗನ ಸಿಲಿಂಡರು

ಸಮುದ್ರ ಇರುವ ಊರಿನಲ್ಲಿ ಈ ಕೆಲಸ ಮಾಡುವವರಿಗೆ ಇಂಥದ್ದೆಲ್ಲ ಆಗುವುದಿಲ್ಲವೇನೋ. ನನಗಂತೂ ಆಗುತ್ತಲೇ ಇತ್ತು. ಎಂಬತ್ತರ ದಶಕದಲ್ಲಿ ಬನಶಂಕರಿಯ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ನಾನು ಸಿಲಿಂಡರ್ ಟೆಸ್ಟ್ ಮಾಡುತ್ತಿದ್ದೆ. ಒಳಗೆ ನೀರು ತುಂಬಿ, ಸಿಲಿಂಡರನ್ನು ನೀರಿನ ತೊಟ್ಟಿಗಿಳಿಸಿ, ಪಂಪಿನಿಂದ ಒತ್ತಡ ಕೊಟ್ಟು, ಎಷ್ಟು ಉಬ್ಬಿತು ಎಷ್ಟು ಇಳಿಯಿತು ಅಂತ ನೋಡುವುದು. ತಡೆದುಕೊಂಡರೆ ಸಿಲಿಂಡರಿನ ಹೆಗಲ ಮೇಲೆ ತಾರೀಖು ಗುದ್ದಿ ಕಳಿಸುವುದು.

ಸೋಡಾದವರು, ವೆಲ್ಡಿಂಗಿನವರು ತರುತ್ತಿದ್ದ ಸಿಲಿಂಡರುಗಳ ನಡುವೆ ಬೇರೆ ಜಾತಿಯದು ಒಂದೇ ಒಂದಿತ್ತು. ಹಳದಿ ಬಣ್ಣದ ಹಳೇ ಅಲ್ಯೂಮಿನಿಯಂ ಸಿಲಿಂಡರು. ಅದರ ಯಜಮಾನ ಗಿರಿನಗರದವನು. ಅದನ್ನು ಬೆನ್ನಿಗೆ ಕಟ್ಟಿಕೊಂಡು, ಅದರೊಳಗಿನ ಗಾಳಿ ಉಸಿರಾಡುತ್ತಾ, ಅಣೆಕಟ್ಟುಗಳ ನೀರಿಗಿಳಿದು ಗೇಟು ರಿಪೇರಿ ಮಾಡುವುದು ಅವನ ಕೆಲಸ.

1. ಕಿಟಕಿ ಪಕ್ಕದ ಸೀಟು

ಮೊದಲ ಸಲ ಅವನು ಅದನ್ನು ಸಿಟಿ ಬಸ್ಸಿನಲ್ಲೇ ತಂದ. ಕಂಡಕ್ಟರ್ ಬಾಗಿಲಲ್ಲೇ ತಡೆದನಂತೆ.

"ಗ್ಯಾಸ್ ಸಿಲಿಂಡರ್ ಹತ್ಸಂಗಿಲ್ಲ."

"ಗ್ಯಾಸಲ್ಲ ಸಾರ್, ಬರೀ ಗಾಳಿ."

"ಗಾಳೀನ ಯಾಕ್ರೀ ತುಂಬ್ಕೊಂಡು ಓಡಾಡ್ತೀರ? ಕಿಟಕಿ ತೆಗೀರಿ, ಬೇಕಾದಷ್ಟು ಬರುತ್ತೆ."

"ಈಗ ಗಾಳೀನೂ ಇಲ್ಲ ಸಾರ್. ಖಾಲಿ."

"ಖಾಲೀದನ್ನ ಎಲ್ಲಿಗೆ ಹೊತ್ಕೊಂಡ್ ಹೋಗ್ತಿದೀರ?"

"ಪರೀಕ್ಷೆಗೆ."

ಪರೀಕ್ಷೆ ಅನ್ನುವ ಮಾತು ಕೇಳಿದ್ದೇ ಮುಂದಿನ ಸೀಟಿನ ಯಜಮಾನರೊಬ್ಬರು ಎದ್ದು ಜಾಗ ಬಿಟ್ಟರಂತೆ. ಸಿಲಿಂಡರು ಕಿಟಕಿ ಪಕ್ಕ ಕೂತು ಬಂತು. ಇವನು ಕಂಬಿ ಹಿಡಿದು ನಿಂತುಕೊಂಡೇ ಬಂದ.

2. ಗಂಗಾಜಲ

ಮಾರನೆಯ ದಿನ ಬೆಳಗ್ಗೆ ಶೆಡ್ಡಿಗೆ ಒಬ್ಬ ಹೆಂಗಸು ಬಂದರು. ಕೈಯಲ್ಲಿ ವ್ಯಾನಿಟಿ ಬ್ಯಾಗು, ಬ್ಯಾಗಿನಲ್ಲಿ ಕೆಂಪು ಪೆನ್ನು. ಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು, ಆ ಹಳದಿ ಸಿಲಿಂಡರಿನ ಹುಡುಗನ ತಾಯಿ.

"ನೋಡಪ್ಪಾ, ನಮ್ಮವನಿಗೆ ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕು ಅಂದ್ರೆ ಕೇಳಲ್ಲ. ಅವನು ನೀರಿಗಿಳಿದ ದಿನ ನನಗೆ ಊಟ ಸೇರಲ್ಲ. ನೀನು ಆ ಸಿಲಿಂಡರ್ ಫೇಲ್ ಮಾಡ್ಬಿಡು. ಜಾಸ್ತಿ ಬೇಡ, ಒಂದು ಮಾರ್ಕಲ್ಲಿ ಹೋದ್ರೆ ಸಾಕು."

"ಒಳಗೆಲ್ಲ ನೋಡಿದೀನಿ, ಚೆನ್ನಾಗಿದೆ ಮೇಡಂ. ಚೆನ್ನಾಗಿರೋದನ್ನ ಹೇಗೆ ಫೇಲ್ ಮಾಡ್ಲಿ?"

ಮೂವತ್ತು ವರ್ಷ ಪೇಪರು ತಿದ್ದಿದವರು, ಒಪ್ಪಿಕೊಳ್ಳಲೇಬೇಕಾಯಿತು. ಬ್ಯಾಗಿನಿಂದ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ ತೆಗೆದರು. "ಹೇಗೂ ನೀರಲ್ಲಿ ಮುಳುಗಿಸ್ತೀಯಲ್ಲ, ಇದನ್ನೂ ಸೇರಿಸು. ನಮ್ಮತ್ತೆ ಕಾಶಿಯಿಂದ ತಂದಿದ್ದು."

ಸಿಲಿಂಡರಿನ ಒಳಕ್ಕೆ ಬಿಡಲು ಧೈರ್ಯ ಬರಲಿಲ್ಲ. ಬೆಸುಗೆ ಬಿಡಿಸಿ, ಸಿಲಿಂಡರು ಮುಳುಗಿಸುವ ತೊಟ್ಟಿಗೆ ಸುರಿದೆ. ಟೆಸ್ಟ್ ಪಾಸಾಯಿತು. ಆದರೆ ತೊಟ್ಟಿಯ ನೀರನ್ನು ನಾನು ದಿನಾ ಬದಲಾಯಿಸುತ್ತಿರಲಿಲ್ಲ. ಆ ವಾರ ಬಂದ ಸಿಲಿಂಡರುಗಳೆಲ್ಲ ಅದರಲ್ಲೇ ಮುಳುಗಿ ಎದ್ದವು. ಸುದ್ದಿ ಕತ್ರಿಗುಪ್ಪೆಯ ಸೋಡಾದವನ ಕಿವಿಗೆ ಬಿದ್ದು, ಅವನ ಅಂಗಡಿ ಮುಂದೆ ಬೋರ್ಡು ಬಂತು: "ಇಲ್ಲಿ ಗಂಗಾಸ್ನಾನ ಮಾಡಿದ ಸೋಡಾ ದೊರೆಯುತ್ತದೆ. ಏಕಾದಶಿಗೂ ಕುಡಿಯಬಹುದು."

3. ರೀವ್ಯಾಲ್ಯುಯೇಷನ್

ಕೆಲವು ವರ್ಷದ ಮೇಲೆ ಅದೇ ಸಿಲಿಂಡರು ಮತ್ತೆ ಬಂತು. ಟಾರ್ಚು ಬಿಟ್ಟು, ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಇಳಿಸಿ ನೋಡಿದರೆ, ಕತ್ತಿನೊಳಗೆ ವಾಲ್ವು ತಿರುಗಿಸಿ ಕೂರಿಸುವ ಸುತ್ತುಗಳಲ್ಲಿ ಸಣ್ಣ ಬಿರುಕು. ಹಳೇ ಅಲ್ಯೂಮಿನಿಯಮ್ಮಿಗೆ ಅದು ಬಂದರೆ ಮುಗಿಯಿತು, ನೀರಿನ ಟೆಸ್ಟಿನವರೆಗೂ ಹೋಗುವ ಹಾಗೇ ಇಲ್ಲ. ಫೇಲು ಅಂತ ಬರೆದೆ. ಟೀಚರಮ್ಮನ ಆಸೆ ಈಡೇರಿತಲ್ಲ ಅಂತ ನಿಜವಾಗಿ ಖುಷಿಪಟ್ಟೆ.

ಸಂಜೆಯೊಳಗೆ ಮಗನನ್ನು ಎಳೆದುಕೊಂಡು ಬಂದರು.

"ಫೇಲಾ? ನಮ್ಮನೇದಾ? ನಮ್ಮ ವಂಶದಲ್ಲೇ ಯಾರೂ ಫೇಲಾಗಿಲ್ಲ."

"ನೀವೇ ಹೇಳಿದ್ರಲ್ಲ ಮೇಡಂ."

"ಅದು ಆವಾಗ. ಈಗ ರೀವ್ಯಾಲ್ಯುಯೇಷನ್ ಮಾಡು."

ಕನ್ನಡಿ ಕಿತ್ತುಕೊಂಡು ತಾವೇ ನೋಡಿದರು. "ಇದು ಬಿರುಕಲ್ಲ, ಕೂದಲು" ಅಂದರು. ಒರೆಸಿ ತೋರಿಸಿದೆ. ಹೋಗಲಿಲ್ಲ. "ಗ್ರೇಸ್ ಮಾರ್ಕ್ಸ್?" ಅಂದರು.

"ಇದಕ್ಕೆ ಗಾಳಿ ತುಂಬ್ದಾಗ ಕತ್ತು ಸಿಡೀಬಹುದು ಮೇಡಂ. ಇದನ್ನ ಬೆನ್ನಿಗೆ ಕಟ್ಕೊಳ್ಳೋದು ನಿಮ್ಮ ಮಗ."

ಕನ್ನಡಿಯನ್ನು ಸೆರಗಿನಿಂದ ಒರೆಸಿ ನನಗೆ ವಾಪಸು ಕೊಟ್ಟರು. ನನಗೆ ಪಾಪ ಅನ್ನಿಸಿತು. ಆಮೇಲೆ ಮಗನ ಕಡೆ ತಿರುಗಿದರು. "ನಾಳೇನೇ ಹೊಸದು ತಗೋ."

"ಅಮ್ಮಾ, ಈ ಕೆಲಸಾನೇ ಬಿಡು ಅಂತಿದ್ದವಳು ನೀನೇ ಅಲ್ವಾ?"

"ಬಿಡೋದು ಬೇರೆ, ಫೇಲಾಗಿ ಬಿಡೋದು ಬೇರೆ. ಮೊದ್ಲು ಪಾಸಾಗು, ಆಮೇಲೆ ಬಿಡು."

4. ತುಳಸಿ

ಫೇಲಾದ ಸಿಲಿಂಡರನ್ನು ಮತ್ತೆ ಯಾರೂ ತುಂಬಬಾರದು. ಅದಕ್ಕೆ ಗರಗಸದಿಂದ ಎರಡು ಹೋಳು ಮಾಡಿದೆ. ಕೆಳಗಿನ ಹೋಳು ಚಪ್ಪಟೆ ತಳದ್ದು, ನೆಟ್ಟಗೆ ನಿಲ್ಲುತ್ತಿತ್ತು. ಟೀಚರಮ್ಮ ಅದನ್ನು ಮನೆಗೆ ಒಯ್ದು, ಮಣ್ಣು ತುಂಬಿ ತುಳಸಿ ನೆಟ್ಟರು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, "ಇದನ್ನ ಫೇಲ್ ಮಾಡಿದ್ದಾನೆ ಮಹರಾಯ. ಒಂದು ತೊಟ್ಟು ಸೋರಲ್ಲ ನೋಡಿ" ಅನ್ನುತ್ತಿದ್ದರಂತೆ.

ಸೋರದೇ ಇದ್ದದ್ದೇ ತೊಂದರೆಯಾಯಿತು. ನೀರು ನಿಂತು ಬೇರು ಕೊಳೆಯಿತು. ಮೂರನೇ ತುಳಸಿ ಸತ್ತಾಗ ಮಗನ ಕೈಲಿ ಹೇಳಿಕಳಿಸಿದರು. ಹೊಸ ಸಿಲಿಂಡರು ಬಂದಮೇಲೂ ಅವನು ನೀರಿಗಿಳಿಯುವುದು ಬಿಟ್ಟಿರಲಿಲ್ಲ, ಇವರು ಊಟ ಬಿಡುವುದೂ ಬಿಟ್ಟಿರಲಿಲ್ಲ. ನಾನು ಡ್ರಿಲ್ಲು ತೆಗೆದುಕೊಂಡು ಗಿರಿನಗರಕ್ಕೆ ಹೋಗಿ ತಳಕ್ಕೆ ನಾಲ್ಕು ತೂತು ಹಾಕಿದೆ. ಟೀಚರಮ್ಮ ಒಂದು ಚೊಂಬು ನೀರು ಸುರಿದರು. ನೀರೆಲ್ಲ ನನ್ನ ಕಾಲ ಮೇಲೆ ಹರಿಯಿತು.

"ಈಗ?" ಅಂತ ಕೆಂಪು ಪೆನ್ನು ನನ್ನ ಕೈಗೇ ಕೊಟ್ಟರು. "ಬರಿ. ತಾರೀಖೂ ಹಾಕು."

ಆ ಹೋಳಿನ ಮೇಲೇ ಬರೆದು ಸೈನ್ ಮಾಡಿದೆ. ನನ್ನ ಸರ್ವೀಸಿನಲ್ಲಿ ನಾಲ್ಕು ತೂತಿದ್ದ ಸಿಲಿಂಡರನ್ನು ಪಾಸ್ ಮಾಡಿದ್ದು ಅದೊಂದೇ.