ಇಂಜಿನಿಯರನ ಮನೆ ನೋಡಲು ಬಂದ ಊರು

ಹೊಲಸು ನೀರಿನ ಕೆಲಸ ಹಿಡಿದವನಿಗೆ ಸಂಬಳದ ಜೊತೆಗೆ ನಗೆಪಾಟಲೂ ತಿಂಗಳು ತಿಂಗಳು ತಪ್ಪದೆ ಸಿಗುತ್ತದೆ. ಸಂಬಳವಾದರೂ ಒಮ್ಮೊಮ್ಮೆ ತಡವಾದೀತು, ಇದು ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಸಿಕಂದರಾಬಾದಿನ ಒಂದು ಕಚೇರಿಯಲ್ಲಿ ನನ್ನ ನೌಕರಿ. ಹೈದರಾಬಾದಿನ ಅಂಚಿನಲ್ಲಿ ಅತ್ತ ಹಳ್ಳಿಯೂ ಅಲ್ಲದ ಇತ್ತ ಪಟ್ಟಣವೂ ಅಲ್ಲದ ಊರುಗಳಿವೆಯಲ್ಲ, ಅಲ್ಲಿಗೆ ಹೋಗಿ, ಆ ಊರಿನ ಬಚ್ಚಲು ಮತ್ತು ಪಾಯಖಾನೆಯ ನೀರನ್ನು ಹೇಗೆ ಶುದ್ಧ ಮಾಡಬಹುದು, ಎಲ್ಲಿ ಮಾಡಬಹುದು ಎಂದು ಯೋಜನೆ ಹಾಕಿಕೊಡುವುದು ನನ್ನ ಕೆಲಸ. ಈಗ ಹೇಳಹೊರಟಿರುವುದೆಲ್ಲ ಅಂಥ ಒಂದೇ ಒಂದು ಊರಿನಿಂದ ಹುಟ್ಟಿದ ಫಜೀತಿ. ಅಲ್ಲಿಯವರು ಮಾತಾಡಿದ್ದು ತೆಲುಗಿನಲ್ಲಿ. ನಾನು ಅದನ್ನು ನಮ್ಮ ಕಡೆಯ ಮಾತಿಗೆ ತಂದುಕೊಂಡಿದ್ದೇನೆ, ಯಾಕೆಂದರೆ ನಗುವುದಕ್ಕೂ ಬೈಯುವುದಕ್ಕೂ ನನಗೆ ಅದೇ ಸಲೀಸು.

೧. ಯಾವ ನೀರು ಅಂತ ಕೇಳಲಿಲ್ಲ

ಊರಿಗೆ ಹೋಗುವ ಮೊದಲು ಮನೆಯ ಸಂಗತಿ ಸ್ವಲ್ಪ ಹೇಳಬೇಕು. ನಮ್ಮದು ರಾಯಚೂರು ಕಡೆಯಿಂದ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದ ಮನೆತನ. ಅಜ್ಜನೂ ಅಪ್ಪನೂ ಕುರ್ಚಿಯಲ್ಲಿ ಕೂತು ಫೈಲು ನೋಡಿದವರು. ನಾನು ಚರಂಡಿ ನೋಡುವವನಾದದ್ದು ಅವ್ವನಿಗೆ ಇವತ್ತಿಗೂ ಅರಗಿಲ್ಲ. ಅವ್ವನ ಮಡಿ ಎಂದರೆ ನಮ್ಮ ಬೀದಿಗೆಲ್ಲ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಆಕೆ ಕಾಯಿದೆ ಮಾಡಿದಳು: ಸಂಜೆ ಬಂದವನು ಮುಂಬಾಗಿಲು ಮುಟ್ಟಬಾರದು, ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ಅಲ್ಲಿನ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಇಡೀ ದಿನ ಕಚೇರಿಯಲ್ಲಿ ಕೂತು ನಕ್ಷೆ ಬರೆದೆ ಎಂದರೂ ಬಿಡುವುದಿಲ್ಲ. ನಕ್ಷೆ ಯಾತರದು ಎಂದು ಕೇಳುತ್ತಾಳೆ.

ನನಗೆ ಹೆಣ್ಣು ನೋಡುವಾಗ ಅವ್ವ ಎಲ್ಲರಿಗೂ "ಹುಡುಗ ನೀರಿನ ಇಂಜಿನಿಯರ್" ಎಂದಷ್ಟೇ ಹೇಳಿದಳು. ಮದುವೆಯಾಗಿ ಹದಿನೈದು ದಿನಕ್ಕೆ ನಾನು ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದದ್ದು ಕಂಡು ಹೆಂಡತಿ ಕಾರಣ ಕೇಳಿದಳು, ನಾನು ಉಳಿದರ್ಧವನ್ನೂ ಹೇಳಿದೆ. ಅವಳು "ನಮ್ಮಪ್ಪ ಗೋತ್ರ ಕೇಳಿದ್ರು, ಪಗಾರ ಕೇಳಿದ್ರು, ಯಾವ ನೀರು ಅಂತ ಮಾತ್ರ ಕೇಳಲಿಲ್ಲ ನೋಡ್ರಿ" ಅಂದಳು.

೨. ಮೊಮ್ಮಕ್ಕಳ ಟ್ಯಾಂಕು

ಇನ್ನು ಊರು. ಯೋಜನೆಯ ಮೊದಲ ಹೆಜ್ಜೆ ಮನೆಮನೆಗೆ ಹೋಗಿ ಕೇಳುವುದು: ಪಾಯಖಾನೆ ಇದೆಯೇ, ಸೆಪ್ಟಿಕ್ ಟ್ಯಾಂಕು ಎಷ್ಟು ದೊಡ್ಡದು, ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ. ಮೂರು ವರ್ಷಕ್ಕೊಮ್ಮೆ ಟ್ಯಾಂಕು ಖಾಲಿ ಮಾಡಿಸಬೇಕು ಎನ್ನುವುದು ನಮ್ಮ ಪಾಠ. ಆದರೆ ಆ ಊರಿನಲ್ಲಿ ಟ್ಯಾಂಕು ತುಂಬಿತು ಎಂದು ಒಪ್ಪಿಕೊಳ್ಳುವುದು ಮರ್ಯಾದೆಗೇಡು. ಹತ್ತು ವರ್ಷವಾದರೂ ತುಂಬಿಲ್ಲ, ಹದಿನೈದಾದರೂ ತುಂಬಿಲ್ಲ ಎಂದು ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು.

ಎಲ್ಲರನ್ನೂ ಮೀರಿಸಿದವನು ಒಬ್ಬ ಹಾಲಿನ ವ್ಯಾಪಾರಿ. ಅವನ ಟ್ಯಾಂಕು ಅವನ ಪಡಸಾಲೆಗಿಂತ ದೊಡ್ಡದು. ತಳಕ್ಕೆ ಕಾಂಕ್ರೀಟು ಹಾಕಿಲ್ಲ, ಹಾಕಿದರೆ ತುಂಬಿಬಿಡುತ್ತದಂತೆ. ಅದರ ಮೇಲೆ ನನ್ನನ್ನು ಒಂದು ಸುತ್ತು ನಡೆಸಿ, "ಇದು ನನ್ನ ಕಾಲಕ್ಕೂ ತುಂಬಂಗಿಲ್ಲ, ನನ್ನ ಮಗನ ಕಾಲಕ್ಕೂ ತುಂಬಂಗಿಲ್ಲ. ಮೊಮ್ಮಕ್ಕಳು ದೊಡ್ಡವರಾದ ಮ್ಯಾಲೆ ಬರ್ರಿ ಸಾರು" ಅಂದ. ನಾನು ಅದನ್ನು ಬರೆದುಕೊಳ್ಳುತ್ತಿರುವಾಗ ಅವನು ಪಕ್ಕದಲ್ಲೇ, ಹತ್ತು ಹೆಜ್ಜೆ ಆಚೆ ಇದ್ದ ಬೋರ್‌ವೆಲ್ಲಿನಿಂದ ಒಂದು ತಂಬಿಗೆ ತಣ್ಣನೆಯ ನೀರು ತಂದು ಕೈಗಿಟ್ಟ. ಇಡೀ ಊರಿನಲ್ಲೇ ಇಷ್ಟು ಸಿಹಿನೀರು ಇಲ್ಲ ಎಂದ.

ತಳವಿಲ್ಲದ ಟ್ಯಾಂಕು, ಹತ್ತು ಹೆಜ್ಜೆಯ ಬೋರು. ಸಿಹಿ ಎಲ್ಲಿಂದ ಬಂತು ಎಂದು ನನಗೆ ಕೂಡಲೇ ಹೊಳೆಯಿತು. ತಿಳಿಸಿ ಹೇಳಿದೆ, ಅವನು ನಂಬಲಿಲ್ಲ. ತಂಬಿಗೆ ಮಾತ್ರ ಕೈಯಲ್ಲೇ ಇತ್ತು. ಬಾಯಿಗೆ ಬಂದದ್ದು ಹೇಳಿದೆ, ಇವತ್ತು ಏಕಾದಶಿ ಅಂದೆ. ಏಕಾದಶಿಗೆ ನೀರು ಕುಡಿಯಬಹುದಲ್ಲ ಎಂದ. ನಮ್ಮ ಮನೆಯಲ್ಲಿ ನಿರ್ಜಲ, ಹನಿಯನ್ನೂ ಮುಟ್ಟುವಂತಿಲ್ಲ ಎಂದೆ. ಅವನು ತಂಬಿಗೆಯನ್ನು ಕೆಳಗಿಟ್ಟು ನನಗೆ ಕೈಮುಗಿದ.

ಇಂಥ ದೊಡ್ಡ ಆಚಾರವಂತರು ನಮ್ಮೂರಿಗೆ ಬಂದಿದ್ದಾರೆ ಎಂದು ಸಂಜೆಯೊಳಗೆ ಊರೆಲ್ಲ ಹರಡಿತು. ಸರ್ವೆ ಮುಗಿಯಲು ಇನ್ನೂ ಎಂಟು ದಿನ ಹಿಡಿಯಿತು. ಆ ಎಂಟೂ ದಿನ, ನನ್ನ ವ್ರತ ಎಲ್ಲಿ ಕೆಡುತ್ತದೋ ಎಂದು, ಒಂದು ಮನೆಯವರೂ ನನಗೆ ಚಹಾ ಕೊಡಲಿಲ್ಲ.

೩. ನಡೆದಾಡುವ ಕಲ್ಲು

ಸರ್ವೆಯ ನಂತರ ಗ್ರಾಮಸಭೆ. ಆ ಊರಿನ ಸರ್ಪಂಚಮ್ಮ, ಎಂದರೆ ಪಂಚಾಯ್ತಿ ಅಧ್ಯಕ್ಷೆ, ನಲವತ್ತರ ಹೆಣ್ಣುಮಗಳು, ಮಾತು ಕಡಿಮೆ, ಕಣ್ಣು ಚುರುಕು. ಸಭೆಗೆ ಮೊದಲು ನನ್ನನ್ನು ಶಾಲೆಯ ಮುಂದೆ ಕರೆದೊಯ್ದು ತೋರಿಸಿದ್ದಳು. ಊರಿನ ಬಚ್ಚಲ ನೀರೆಲ್ಲ ಬಂದು ಶಾಲೆಯ ಗೇಟಿನಲ್ಲಿ ನಿಂತಿತ್ತು. ಮಕ್ಕಳು ಇಟ್ಟಿಗೆಯಿಂದ ಇಟ್ಟಿಗೆಗೆ ಹಾರಿ ಒಳಗೆ ಹೋಗುತ್ತಿದ್ದವು. ಅವಳ ಮಗಳೇ ಹಿಂದಿನ ವಾರ ಅಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. "ಈ ಸಲ ಆಗಲಿಲ್ಲ ಅಂದ್ರ ಯೋಜನೆ ಪಟ್ಟಿಯೊಳಗ ಮುಂದಿನ ಊರಿಗೆ ಹೋಗತೈತಂತ. ನನಗ ಇದು ಆಗಬೇಕ್ರಿ ಸಾರು" ಎಂದಳು. ಮಗಳ ಕೈಯ ಬಿಳಿ ಪಟ್ಟಿ ನೋಡಿದ ಮೇಲೆ ನನಗೂ ಅದು ಆಗಲೇಬೇಕು ಅನ್ನಿಸಿತು. ತಿಂಗಳ ಕೊನೆಯೊಳಗೆ ಊರಿನ ಒಪ್ಪಿಗೆ ಪತ್ರ ಬೇಕಿತ್ತು.

ಸಭೆಯಲ್ಲಿ ನಾಲ್ಕು ದಾರಿ ವಿವರಿಸಿದೆ. ಎಲ್ಲರೂ ಮೆಚ್ಚಿದ್ದು ಜೊಂಡಿನ ಮಡಿಯನ್ನು. ಟ್ಯಾಂಕಿನಲ್ಲಿ ಗಸಿ ಇಳಿದ ನೀರನ್ನು ಜಲ್ಲಿಕಲ್ಲು ತುಂಬಿದ ಮಡಿಗಳಲ್ಲಿ ಹರಿಸಿ, ಅದರಲ್ಲಿ ಜೊಂಡು, ಕಾಬಾಳೆ ಬೆಳೆಸುವುದು, ಬೇರುಗಳೇ ನೀರನ್ನು ತಿಳಿ ಮಾಡುತ್ತವೆ. ಕರೆಂಟು ಬೇಡ, ಮಷೀನು ಬೇಡ. ಜೊಂಡಿನ ಬದಲು ಕರಿಬೇವು ಹಾಕಲು ಬರುತ್ತದೆಯೇ ಎಂದು ಒಬ್ಬಳು ಕೇಳಿದ್ದು ಬಿಟ್ಟರೆ ತಕರಾರೇ ಇರಲಿಲ್ಲ.

ತಕರಾರು ಬಂದದ್ದು ಎಲ್ಲಿ ಮಾಡುವುದು ಎಂಬಲ್ಲಿ. ಇಂಥ ಕೆಲಸದಲ್ಲಿ ನಾವು ಊರಿನ ನಕ್ಷೆಯನ್ನು ಊರವರ ಕೈಯಿಂದಲೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬಿಡಿಸುತ್ತೇವೆ. ಹೆಂಗಸರು ಚೆಂದವಾಗಿ ಬಿಡಿಸಿದರು, ಓಣಿ, ಶಾಲೆ, ಕೆರೆ, ಗುಡಿ. ಜೊಂಡಿನ ಮಡಿಯ ಗುರುತಿಗೆ ನಾನು ಒಂದು ಕಲ್ಲು ಕೊಟ್ಟು, ಸರಿ ಅನ್ನಿಸಿದಲ್ಲಿ ಇಡಿ ಅಂದೆ. ಕೆಳಗಿನ ಓಣಿಯವರು ಮೇಲಿನ ಓಣಿಯಲ್ಲಿ ಇಟ್ಟರು. ಮೇಲಿನವರು ಎತ್ತಿ ಕೆರೆಯ ಕಡೆಗೆ ಇಟ್ಟರು. ಕೆರೆಯ ಕಡೆಯವರು ಮತ್ತೆ ಎತ್ತಿದರು. ಅಷ್ಟರಲ್ಲಿ ಕಚೇರಿಯಿಂದ ಫೋನು ಬಂತು, ಎದ್ದು ಹೋಗಿ ಮಾತಾಡಿ ಬಂದೆ. ಬರುವಷ್ಟರಲ್ಲಿ ಸಭೆ ಶಾಂತವಾಗಿತ್ತು, ಎಲ್ಲರೂ ಒಮ್ಮತಕ್ಕೆ ಬಂದಿದ್ದರು. ಸಂತೋಷದಿಂದ ನಕ್ಷೆ ನೋಡಿದೆ, ಕಲ್ಲು ಕಾಣಲಿಲ್ಲ. ಹುಡುಕಿದರೆ ರಂಗೋಲಿಯ ಗಡಿ ದಾಟಿ ಮೂರು ಗೇಣು ಆಚೆ ಇತ್ತು. ಅಂದರೆ ಪಕ್ಕದ ಊರಿನಲ್ಲಿ.

೪. ತಾತನ ಷರತ್ತು

ನೀರು ಸಭೆಯ ಒಮ್ಮತ ಕೇಳಿ ಹರಿಯುವುದಿಲ್ಲ, ಇಳಿಜಾರಿಗೆ ಹರಿಯುತ್ತದೆ. ಆ ಊರಿನ ತಗ್ಗು ಇದ್ದದ್ದು ಹನುಮಂತನ ಗುಡಿಯ ಹಿಂದಿನ ಖಾಲಿ ಜಾಗದಲ್ಲಿ. ನಾನು ಕಲ್ಲನ್ನು ತಂದು ಅಲ್ಲಿ ಇಟ್ಟ ಕೂಡಲೇ ಗುಡಿಯ ಹಿರಿಯ ಎದ್ದು ನಿಂತ. ಹರೆಯದಲ್ಲಿ ಗೌಂಡಿ ಕೆಲಸ ಮಾಡಿ ಅರ್ಧ ಊರಿನ ಗೋಡೆ ಎಬ್ಬಿಸಿದವನು, ಈಗ ಊರಿಗೆಲ್ಲ ತಾತ. ದೇವರ ಬೆನ್ನಿಗೆ ಹೊಲಸು ತಂದು ಇಡುತ್ತೀಯಾ ಎಂದು ಕೇಳಿದ. ಅವನು ಬೇಡ ಅಂದರೆ ಊರೂ ಬೇಡ ಅನ್ನುತ್ತದೆ.

ನಾನು ಪಾಠ ಶುರುಮಾಡಿದೆ. ಮುಚ್ಚಿದ ಟ್ಯಾಂಕು, ಗಾಳಿಗೆ ಎತ್ತರದ ಪೈಪು, ಸರಿಯಾಗಿ ಕಟ್ಟಿದರೆ ಅದರ ಮೇಲೆ ಕೂತು ಊಟ ಮಾಡಿದರೂ ವಾಸನೆ ಬರುವುದಿಲ್ಲ. ತಾತ ಎಲ್ಲ ಕೇಳಿ, ನಿಮ್ಮ ಮನೆಯ ಟ್ಯಾಂಕು ಹೀಗೇ ಇದೆಯೇ ಎಂದ. ಇದೆ ಅಂದೆ. ಊರೆಲ್ಲ ಎದುರಿಗೆ ಕೂತಿರುವಾಗ ಇಂಜಿನಿಯರ್ ಮತ್ತೇನು ಹೇಳಿಯಾನು.

"ಹೆಣ್ಣು ಕೊಡೋಕಿಂತ ಮೊದಲು ನಾವು ಹುಡುಗನ ಮನಿ ನೋಡತೀವಿ. ಗುಡಿ ಜಾಗ ಕೊಡೋಕೂ ಹಂಗ ಮಾಡೂಣು. ಐತವಾರ ನಿಮ್ಮ ಮನಿಗೆ ಬರ್ತೀವಿ" ಎಂದ ತಾತ. ಸರ್ಪಂಚಮ್ಮ ಆಗಲೇ ನಮ್ಮ ಮನೆಯಿರುವ ಮಲ್ಕಾಜ್‌ಗಿರಿಯಲ್ಲಿ ಯಾವ ಓಣಿ ಎಂದು ಬರೆದುಕೊಳ್ಳುತ್ತಿದ್ದಳು.

೫. ಇಲಿಯ ಬಿಲ

ಶನಿವಾರ ಮಧ್ಯಾಹ್ನ ಸಂಗತಿಯನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ನಾಳೆಗೆ ಚುರುಮುರಿ ತರಿಸುವ ಪಟ್ಟಿ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿ, "ಅಲ್ರಿ, ನಮ್ಮನಿ ಟ್ಯಾಂಕು ಎಲ್ಲ್ಯದ?" ಅಂದಳು.

ನನಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ರಿಟೈರಾದ ಒಬ್ಬ ರೈಲ್ವೆ ನೌಕರರಿಂದ ಕೊಂಡ ಮನೆ. ಬೀದಿಯಲ್ಲಿ ಒಳಚರಂಡಿ ಇದೆ, ನಮ್ಮದೂ ಅದಕ್ಕೇ ಸೇರಿರಬೇಕು ಅಂದುಕೊಂಡು ಹದಿನೆಂಟು ವರ್ಷ ಕಳೆದಿದ್ದೆ. ಸುತ್ತಲಿನ ಹಳ್ಳಿಗಳ ಟ್ಯಾಂಕುಗಳ ಉದ್ದಗಲ ನನಗೆ ಬಾಯಿಪಾಠ. ನಮ್ಮ ಮನೆಗೆ ಅದು ಇದೆಯೋ ಇಲ್ಲವೋ ಎಂಬುದೇ ತಿಳಿಯದು. ನಾಚಿಕೆಯಿಂದ ಒಂದು ಕಬ್ಬಿಣದ ಸರಳು ಹಿಡಿದು ಹಿತ್ತಲಿನ ನೆಲವನ್ನು ಕುಟ್ಟುತ್ತ ಹೊರಟೆ. ಅವ್ವ ಬಂದು ಏನು ಹುಡುಕುತ್ತೀ ಎಂದಳು. ಇಲಿಯ ಬಿಲ ಅಂದೆ. ಹಿತ್ತಲೆಲ್ಲ ಕುಟ್ಟಿದರೂ ಎಲ್ಲೂ ಪೊಳ್ಳು ಶಬ್ದ ಬರಲಿಲ್ಲ. ಒಂದು ಕಡೆ ಮಾತ್ರ ಕುಟ್ಟಲಿಲ್ಲ, ಅದು ಅವ್ವನ ತುಳಸಿಕಟ್ಟೆ, ಸ್ನಾನವಿಲ್ಲದೆ ನಾನು ಅದರ ಹತ್ತಿರ ಹೋಗುವಂತಿಲ್ಲ.

ಸಂಜೆ ಅವ್ವ ಕಿರಾಣಿ ಅಂಗಡಿಯವನಿಗೆ ಹೇಳಿ ಮೂರು ಇಲಿಬೋನು ತರಿಸಿದಳು.

೬. ಐತವಾರ

ಬೆಳಿಗ್ಗೆ ಹತ್ತಕ್ಕೆ ಟೆಂಪೊ ಬಂತು. ತಾತ, ಸರ್ಪಂಚಮ್ಮ, ಗುಡಿ ಕಮಿಟಿಯ ಐದು ಜನ. ಹೆಣ್ಣಿನ ಕಡೆಯವರ ಹಾಗೆಯೇ ಬಾಳೆಹಣ್ಣು ತಂದಿದ್ದರು. ಕಚೇರಿಯ ಕಡೆಯವರು ಎಂದು ಮಾತ್ರ ಅವ್ವನಿಗೆ ಹೇಳಿದ್ದೆ. ಆಕೆ ಚುರುಮುರಿಯ ಸುಸಲಾ, ಚಹಾ ಕೊಟ್ಟು ತನ್ನ ತೆಲುಗಿನಲ್ಲಿ ಚೆನ್ನಾಗಿಯೇ ಮಾತಾಡಿಸಿದಳು. ನಾನು ಮಾತನ್ನು ಆದಷ್ಟು ಎಳೆದೆ. ಹೈದರಾಬಾದಿನ ಬಿಸಿಲಿನ ಬಗ್ಗೆ ಮಾತಾಡಿದೆ, ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆ. ತಾತ ತಟ್ಟೆ ಕೆಳಗಿಟ್ಟು, ನಡಿ, ನೋಡೂಣು ಎಂದು ತಾನೇ ಹಿತ್ತಲಿಗೆ ಹೊರಟ.

ಸತ್ಯ ಹೇಳಿಬಿಡುವುದು ವಾಸಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನು ಗೋಡೆಯ ಹತ್ತಿರ ನಿಂತಿದ್ದ. ಅಲ್ಲೊಂದು ಪೈಪು ಮಾಳಿಗೆಯ ತನಕ ಏರಿತ್ತು, ಅದಕ್ಕೆ ಅವ್ವ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಳು. ನಾನು ದಿನಾ ಆ ಬಳ್ಳಿಯ ಪಕ್ಕದಲ್ಲೇ ಹಾದು ಬಚ್ಚಲಿಗೆ ಹೋಗುವವನು.

"ಮಲ್ಲಿಗಿ ಬಳ್ಳಿಗಂತ ಯಾರೂ ಇಷ್ಟು ಎತ್ತರ ಪೈಪು ಹಾಕಂಗಿಲ್ಲ" ಎಂದ ತಾತ, ಪೈಪಿನ ಬುಡದಿಂದ ಹೆಜ್ಜೆ ಅಳೆಯುತ್ತ ನಡೆದ. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ತುಳಸಿಕಟ್ಟೆಯ ಮುಂದೆ ನಿಂತು, ಚಪ್ಪಲಿ ಬಿಟ್ಟು, ಕೈಮುಗಿದು, ಕೋಲಿನಿಂದ ಕಟ್ಟೆಯ ಬುಡದ ಚಪ್ಪಡಿಯ ಅಂಚನ್ನು ಮೆಲ್ಲಗೆ ಕುಟ್ಟಿದ. ಖಾಲಿ ಬಿಂದಿಗೆ ಬಡಿದ ಹಾಗೆ ಶಬ್ದ ಬಂತು.

ಈ ಮನೆಗೆ ಬಂದ ದಿನ ಅವ್ವ, ಹಿತ್ತಲಲ್ಲಿ ಚೌಕಾದ ಕಟ್ಟೆ ತಯಾರೇ ಇದೆ, ತುಳಸಿಗೆಂದೇ ಮಾಡಿದ ಹಾಗಿದೆ ಎಂದು ಸಂಭ್ರಮದಿಂದ ಬೃಂದಾವನ ತಂದು ಇಟ್ಟದ್ದು ನೆನಪಾಯಿತು.

ತಾತ ಅವ್ವನ ಕಡೆ ತಿರುಗಿ, ಇಲ್ಲಿ ಎಷ್ಟು ವರ್ಷದಿಂದ ಪೂಜೆ ಮಾಡುತ್ತೀರಿ ತಾಯಿ ಎಂದು ಕೇಳಿದ. ಹದಿನೆಂಟು ವರ್ಷ, ದಿನಾ ಎರಡು ಹೊತ್ತು, ಹೊತ್ತಿಗೆ ಹನ್ನೊಂದು ಪ್ರದಕ್ಷಿಣೆ ಎಂದು ಅವ್ವ ಹೆಮ್ಮೆಯಿಂದಲೇ ಹೇಳಿದಳು. ಯಾವತ್ತಾದರೂ ಕೆಟ್ಟ ವಾಸನೆ ಬಂದದ್ದುಂಟೇ ಎಂದ. ಅವ್ವನಿಗೆ ಸಿಟ್ಟು ಬಂತು. ದೇವರ ಜಾಗದಲ್ಲಿ ಎಂಥ ವಾಸನೆ, ಊದಿನಕಡ್ಡಿ ವಾಸನೆ, ಮಲ್ಲಿಗೆ ವಾಸನೆ, ಮತ್ತೇನೂ ಇಲ್ಲ ಎಂದಳು.

ತಾತ ಕಮಿಟಿಯವರತ್ತ ನೋಡಿದ. "ಕೇಳಿದ್ರೆಲ್ಲಾ? ಟ್ಯಾಂಕು ಇದರ ಕೆಳಗ ಐತಿ. ಹದಿನೆಂಟು ವರ್ಷ ತುಳಸಮ್ಮಗ ಏನೂ ಅನಸಿಲ್ಲ. ನಮ್ಮ ಹನುಮಪ್ಪ ಇವರ ತುಳಸಮ್ಮಗಿಂತ ನಾಜೂಕಿನವನೇನಲ್ಲ."

ಸರ್ಪಂಚಮ್ಮ ಕೈಚೀಲದಿಂದ ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ಹೊರಗೆ ತೆಗೆದಳು. ಅಲ್ಲೇ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಗದ ಇಟ್ಟು, ತಾತ ಮೊದಲು ಮಾಡಿ ಎಲ್ಲರೂ ರುಜು ಹಾಕಿದರು. ಅವಳು ಕಾಗದವನ್ನು ಮಡಚಿ ಸೆರಗಿನಲ್ಲಿ ಹಿಡಿದುಕೊಂಡು ನನ್ನತ್ತ ನೋಡಿದಳು, ಅವಳ ಕಣ್ಣು ತುಂಬಿತ್ತು. ಹೋಗುವಾಗ ತಾತ, ಟ್ಯಾಂಕು ಹದಿನೆಂಟು ವರ್ಷದಿಂದ ಖಾಲಿ ಮಾಡಿಸಿಲ್ಲ, ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು ಸಾರು ಎಂದು ನನಗೇ ನನ್ನ ಪಾಠ ಒಪ್ಪಿಸಿದ.

ಟೆಂಪೊ ಹೊರಟ ಮೇಲೆ ಅವ್ವನನ್ನು ಹುಡುಕಿದೆ. ಏನು ಹೇಳಿ ಸಮಾಧಾನ ಮಾಡುವುದೋ ತಿಳಿಯದೆ, ಟ್ಯಾಂಕಿನ ಹತ್ತಿರ ನಿಂತಿದ್ದರಿಂದ ಮೊದಲು ಸ್ನಾನವನ್ನಾದರೂ ಮಾಡಿಬಿಡೋಣ ಎಂದು ಟವೆಲ್ಲು ಹಿಡಿದು ಹಿತ್ತಲ ಬಚ್ಚಲಿಗೆ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವ್ವ ಹೆಗಲ ಮೇಲೆ ಮಡಿಸೀರೆ ಹಾಕಿಕೊಂಡು, ನಲ್ಲಿಯ ಕೆಳಗೆ ದೊಡ್ಡ ಹಂಡೆ ಇಟ್ಟು ನಿಂತಿದ್ದಳು.

"ನೀ ಹಿಂದ ಸರಿ" ಅಂದಳು. "ನಿಂದು ಒಂದು ದಿನದ್ದು. ನಂದು ಹದಿನೆಂಟು ವರ್ಷದ್ದು ಅದ, ಹೊತ್ತಾಗ್ತದ."